ಮೂರು ತಟ್ಟು ತಪ್ಪಿದರೆ

ಇಪ್ಪತ್ತಮೂರು ವರ್ಷ ನಾನು ನೀಲಕ್ಕನ ಎಡಗಡೆ ಕೂತು ಅವಳು ಯಾವಾಗ ನಿಲ್ಲುತ್ತಾಳೋ ಎಂದು ಕಾದೆ. ಕೇಳಿ ಮುಖ ಸಿಂಡರಿಸಬೇಡಿ, ಅದು ನನ್ನ ನೌಕರಿಯಾಗಿತ್ತು. ನಮ್ಮ ಊರಿನಲ್ಲಿ ಯಾವ ಕೆಲಸವನ್ನೂ ಒಬ್ಬರ ಕೈಗೆ ಬಿಡುವುದಿಲ್ಲ. ಪ್ರತಿ ಕುರ್ಚಿಗೂ ಇಬ್ಬರಿರುತ್ತಾರೆ. ಮೊದಲನೆಯವರು ಕೆಲಸ ಮಾಡುತ್ತಾರೆ, ಎರಡನೆಯವರು ಪಕ್ಕದಲ್ಲಿ ಕೂತು ಅದನ್ನೆಲ್ಲ ನೋಡಿಕೊಂಡು ಸುಮ್ಮನಿರುತ್ತಾರೆ. ಡಾಕ್ಟರು ಒಂದು ಕೈಯ ನಾಡಿ ಹಿಡಿದರೆ ಎರಡನೆಯ ಡಾಕ್ಟರು ಇನ್ನೊಂದು ಕೈಯದನ್ನು ಹಿಡಿಯುತ್ತಾರೆ. ದರ್ಜಿ ಅಳತೆ ತೆಗೆದರೆ ಎರಡನೆಯ ದರ್ಜಿಯೂ ತನ್ನ ಟೇಪು ಹಿಡಿದು ಅದೇ ಸೊಂಟವನ್ನು ಇನ್ನೊಮ್ಮೆ ಸುತ್ತುತ್ತಾನೆ. ಹೊಸಬರಿಗೆ ಕಚಗುಳಿಯಾಗುತ್ತದೆ, ನಮಗೆ ರೂಢಿಯಾಗಿದೆ. ಮೊದಲನೆಯವರು ಬಿದ್ದರೆ, ಸತ್ತರೆ, ಮೈಮೇಲಿನ ಎಚ್ಚರ ತಪ್ಪಿದರೆ ಎರಡನೆಯವರು ಅಲ್ಲಿಂದಲೇ ಕೈ ಹಚ್ಚುತ್ತಾರೆ. ಸೂಜಿ ಅರ್ಧ ಹೊಲಿಗೆಯಲ್ಲಿದ್ದರೆ ಉಳಿದರ್ಧ ಅವರದು. ಊರಿಗೆ ಗೊತ್ತೇ ಆಗುವುದಿಲ್ಲ.

ಇದು ಬರೀ ಮಾತಲ್ಲ. ಎರಡನೆಯವರು ಕೈ ಹಚ್ಚಿ, ಮೊದಲನೆಯವರ ಹೆಸರನ್ನು ತಮ್ಮದೆಂದು ಬಾಯಿಬಿಟ್ಟು ಹೇಳಿದ ಕೂಡಲೇ ಆ ಹೆಸರು ಅವರಿಗೆ ದಾಟುತ್ತದೆ. ಹೆಸರಿನ ಹಿಂದೆಯೇ ಮನೆ, ಮಕ್ಕಳು, ನೆಂಟರು ಎಲ್ಲ ದಾಟುತ್ತಾರೆ. ಸಂಜೆ ಅವರು ಆ ಮನೆಗೇ ಹೋಗುತ್ತಾರೆ, ಆ ಮನೆಯವರು ಕೈಕಾಲಿಗೆ ನೀರು ಕೊಟ್ಟು ಚಹಾ ಮಾಡುತ್ತಾರೆ. ಮೊದಲನೆಯವರು ಇನ್ನೂ ಬದುಕಿದ್ದರೆ ಅವರನ್ನು ಕೆರೆಯಾಚೆಯ ಓಣಿಗೆ ಕಳಿಸುತ್ತಾರೆ. ಅಲ್ಲಿ ಊಟ, ಹಾಸಿಗೆ, ಔಷಧ ಯಾವುದಕ್ಕೂ ಕೊರತೆಯಿಲ್ಲ. ಅವರನ್ನು ಕರೆಯಲು ಮಾತ್ರ ಯಾರಿಗೂ ಬರುವುದಿಲ್ಲ. ಕರೆಯಬೇಕೆಂದು ಬಾಯಿ ತೆರೆದರೆ ನಾಲಗೆಯೇ ಹೊರಳುವುದಿಲ್ಲ. ಇನ್ನು ಎರಡನೆಯವರ ಸ್ವಂತ ಹೆಸರು ಎಲ್ಲಿ ಹೋಗುತ್ತದೆ ಎಂದು ಯಾರೂ ಕೇಳಿದವರಿಲ್ಲ, ಏಕೆಂದರೆ ಅದನ್ನು ಯಾರೂ ಅಷ್ಟಾಗಿ ಬಳಸಿರುವುದಿಲ್ಲ. ನನ್ನ ಹೆಸರು ದಾಕ್ಷಾಯಣಿ. ಊರಿಗೆಲ್ಲ ನಾನು 'ಎರಡನೇಯಾಕಿ'. ನೀಲಕ್ಕ ಒಬ್ಬಳೇ 'ದಾಕ್ಷಿ' ಅನ್ನುತ್ತಿದ್ದಳು.

ಜೋಡಿಗಳಿಗೆ ಬೇರೆ ಕಟ್ಟಳೆಗಳೂ ಇವೆ. ಇಬ್ಬರೂ ಒಂದೇ ಬಾವಿಯ ನೀರು ಕುಡಿಯಬಾರದು, ಒಂದೇ ಪಾತ್ರೆಯ ಅನ್ನ ಉಣ್ಣಬಾರದು, ಒಂದೇ ಬಸ್ಸು ಹತ್ತಬಾರದು. ಒಂದೇ ಹೊತ್ತಿಗೆ ಇಬ್ಬರಿಗೂ ವಾಂತಿಭೇದಿ ಹಿಡಿದರೆ ಊರಿನ ಗತಿಯೇನು ಎಂಬುದು ಹಿರಿಯರ ವಿಚಾರ. ನೀಲಕ್ಕನ ತಲೆಯ ಮೇಲಿನ ಫ್ಯಾನಿಗೆ ಒಂದು ಕಂಬದ ಕರೆಂಟು, ನನ್ನ ಫ್ಯಾನಿಗೆ ಇನ್ನೊಂದು ಕಂಬದ್ದು. ಅವಳಿಗೆ ಮುಂಬಾಗಿಲು, ನನಗೆ ಹಿತ್ತಲ ಬಾಗಿಲು. ಮೊಣಕೈಗೆ ಮೊಣಕೈ ತಾಗಿಸಿಕೊಂಡು ದಿನಾ ಎಂಟು ಗಂಟೆ ಕೂರುವ ಇಬ್ಬರು ಹೆಂಗಸರು ಒಂದು ಹೋಳು ಉಪ್ಪಿನಕಾಯಿ ಹಂಚಿಕೊಳ್ಳುವ ಹಾಗಿಲ್ಲ. ಇಂಥ ಕಟ್ಟಳೆ ಮಾಡಿದವರು ಗಂಡಸರೇ ಇರಬೇಕು.

ನಾವು ಕೂರುತ್ತಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಊರಲ್ಲಿ ನೂರಾ ಹನ್ನೆರಡು ಫೋನುಗಳಿವೆ. ಯಾರಾದರೂ ಫೋನೆತ್ತಿದರೆ ನೀಲಕ್ಕನ ಬೋರ್ಡಿನಲ್ಲಿ ಅವರ ದೀಪ ಹತ್ತುತ್ತದೆ. ಯಾರು ಬೇಕು ಎಂದು ಕೇಳಿ ಅವಳು ಒಂದು ತೂತಿನಿಂದ ಇನ್ನೊಂದು ತೂತಿಗೆ ವೈರಿನ ಪಿನ್ನು ಚುಚ್ಚಿ ಮಾತು ಕೂಡಿಸುತ್ತಾಳೆ. ನನ್ನ ಮುಂದೆಯೂ ಅಂಥದೇ ಬೋರ್ಡು, ಅಷ್ಟೇ ತೂತುಗಳು, ಅಷ್ಟೇ ಪಿನ್ನುಗಳು. ಆದರೆ ಅದರಲ್ಲಿ ಜೀವವಿಲ್ಲ. ಅವಳು ಹಾಕಿದ ಪಿನ್ನನ್ನೆಲ್ಲ ನಾನೂ ಹಾಕಬೇಕು, ಅವಳು ಕಿತ್ತದ್ದನ್ನು ಕೀಳಬೇಕು. ಯಾವ ಗಳಿಗೆಯಲ್ಲಿ ಅವಳು ನಿಂತರೂ ಯಾರು ಯಾರ ಜೊತೆ ಮಾತಾಡುತ್ತಿದ್ದರು ಎಂಬುದು ನನ್ನ ಬೋರ್ಡಿನಲ್ಲಿ ಇದ್ದಂತೆಯೇ ಇರಬೇಕು. ಇಪ್ಪತ್ತಮೂರು ವರ್ಷ ನಾನು ಯಾರನ್ನೂ ಯಾರಿಗೂ ಕೂಡಿಸದೆ ಲಕ್ಷಗಟ್ಟಲೆ ಪಿನ್ನು ಚುಚ್ಚಿದ್ದೇನೆ. ಬೆರಳ ತುದಿಯಲ್ಲಿ ಗಂಟು ಬಿದ್ದಿವೆ, ಬೇಕಾದರೆ ತೋರಿಸುತ್ತೇನೆ.

ಎರಡು ಬೋರ್ಡುಗಳ ನಡುವೆ ಅಂಗೈಯಗಲದ ಒಂದು ಹಿತ್ತಾಳೆ ತಗಡು. ಮೊದಲನೆಯವಳು ಬಲಗೈಯಿಂದ ಕೆಲಸ ಮಾಡುತ್ತಲೇ ಎಡಗೈಯಿಂದ ನಿಮಿಷಕ್ಕೊಮ್ಮೆ ಅದನ್ನು ತಟ್ಟಬೇಕು. ನಾನಿದ್ದೇನೆ ಎಂದು ಅದರ ಅರ್ಥ. ಮೂರು ತಟ್ಟು ತಪ್ಪಿದರೆ ಅವಳ ಬೋರ್ಡಿನ ಕರೆಂಟು ತಾನಾಗಿ ಕಡಿದು ನನ್ನ ಬೋರ್ಡಿಗೆ ಬರುತ್ತದೆ, ನನ್ನ ತಲೆಯ ಮೇಲೆ ಕೆಂಪು ದೀಪ ಹತ್ತುತ್ತದೆ. ಆಗ ನಾನು ಪಿನ್ನು ಹಿಡಿದು 'ನೀಲಾಂಬಿಕಾ ಮಾತಾಡ್ತೀನಿ' ಅನ್ನಬೇಕು. ಅಲ್ಲಿಗೆ ಎಲ್ಲ ದಾಟಿ ಮುಗಿಯಿತು.

ಈ ದಾಟುವುದನ್ನು ನಾನು ಒಂಬತ್ತನೆಯ ವಯಸ್ಸಿನಲ್ಲೇ ಕಂಡವಳು. ನನ್ನ ಅಪ್ಪ ಪೇಟೆಯ ದೊಡ್ಡ ಗಡಿಯಾರಕ್ಕೆ ಕೀ ಕೊಡುವ ಮೊದಲನೆಯವನಾಗಿದ್ದ. ಒಂದು ಸಲ ಜ್ವರ ನೆತ್ತಿಗೇರಿ ಗಡಿಯಾರದ ಮೆಟ್ಟಿಲ ಮೇಲೆ ಅರ್ಧ ಗಂಟೆ ಮಲಗಿಬಿಟ್ಟ. ಅಂದು ಸಂಜೆ ನಮ್ಮ ಮನೆಗೆ ಬೇರೊಬ್ಬ ಬಂದು ಅಪ್ಪನ ಮಣೆಯ ಮೇಲೆ ಕೂತ. ಇವನು ಅವನಲ್ಲ ಎಂದು ನನಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಆದರೂ ನನ್ನ ಬಾಯಿಂದ 'ಅಪ್ಪಾ' ಎಂದೇ ಬಂತು. ಬಂದವನು ಒಳ್ಳೆಯ ಮನುಷ್ಯ, ಬೈದವನಲ್ಲ ಹೊಡೆದವನಲ್ಲ, ವಾರದ ಸಂತೆಯಿಂದ ಬಳೆ ತರುತ್ತಿದ್ದ. ಶಾಲೆಗೆ ಹೋಗುವಾಗ ಕೆರೆಯಾಚೆಯ ಕಟ್ಟೆಯ ಮೇಲೆ ಜ್ವರ ಬಿಟ್ಟು ಗಟ್ಟಿಮುಟ್ಟಾಗಿ ಕೂತಿದ್ದ ಮೊದಲಿನವನು ನನ್ನನ್ನು ನೋಡುತ್ತಿದ್ದ. ನಾನು ನಿಂತು ಬಾಯಿ ತೆರೆಯುತ್ತಿದ್ದೆ. ಏನೂ ಬರುತ್ತಿರಲಿಲ್ಲ. ಅವನು 'ಹೋಗು, ಶಾಲಿಗೆ ಹೊತ್ತಾತು' ಎಂದು ಕೈ ಬೀಸುತ್ತಿದ್ದ. ಆರು ವರ್ಷ ಹೀಗೆ ಕೈ ಬೀಸಿ ಆಮೇಲೆ ಸತ್ತ. ಆ ಸಿಟ್ಟು ನನ್ನಲ್ಲಿ ಇವತ್ತಿಗೂ ಆರಿಲ್ಲ. ಹಾಗಿದ್ದೂ ನಾನೇ ಎರಡನೆಯವಳಾಗಿ ಸೇರಿಕೊಂಡೆನಲ್ಲ ಎಂದು ಕೇಳಬಹುದು. ಸೇರದಿದ್ದರೆ ಉಣ್ಣುವುದೇನು?

ಈ ಬೇಸಿಗೆಯಲ್ಲಿ ನೀಲಕ್ಕನ ಎಡಗೈ ಕೆಟ್ಟಿತು. ಒಂದು ಮುಂಜಾನೆ ಹತ್ತೂವರೆಯ ಸುಮಾರಿಗೆ, ಬೋರ್ಡಿನ ತುಂಬ ದೀಪ ಹತ್ತಿ ಅವಳ ಬಲಗೈ ಮಗ್ಗದ ಲಾಳಿಯಂತೆ ಓಡುತ್ತಿತ್ತು. ತಟ್ಟು ಕೇಳಲಿಲ್ಲ. ಒಂದು ತಪ್ಪಿತು. ಎರಡು ತಪ್ಪಿತು. ನಾನು ತಿರುಗಿ ನೋಡಿದೆ. ಅವಳ ಎಡಗೈ ತೊಡೆಯ ಮೇಲೆ ಹಸಿ ಬಟ್ಟೆಯ ಹಾಗೆ ಬಿದ್ದಿತ್ತು. ಅವಳು ಅದನ್ನು ನೋಡುತ್ತ, ಎತ್ತಲು ನೋಡುತ್ತ, ಬಾಯಲ್ಲಿ 'ನಂಬರ್ ಹೇಳ್ರಿ, ನಂಬರ್ ಹೇಳ್ರಿ' ಅನ್ನುತ್ತಲೇ ಇದ್ದಳು. ಇನ್ನೊಂದು ಅರ್ಧ ನಿಮಿಷ ಸುಮ್ಮನಿದ್ದಿದ್ದರೆ ಆ ಬೋರ್ಡು ನನ್ನದಾಗುತ್ತಿತ್ತು. ನನ್ನ ಕೈ ತಾನಾಗಿ ಹೋಗಿ ತಗಡನ್ನು ತಟ್ಟಿತು.

ನೀಲಕ್ಕ ಬೆಚ್ಚಿ ನನ್ನನ್ನು ನೋಡಿದಳು. "ದಾಕ್ಷೀ, ಏನ್ ಮಾಡಿದಿ?"

"ನೊಣ ಕುಂತಿತ್ತು, ಹೊಡದೆ," ಎಂದೆ.

ಅಂದಿನಿಂದ ಆ ತಗಡಿನ ಮೇಲೆ ನಿಮಿಷಕ್ಕೊಂದು ನೊಣ ಕೂರತೊಡಗಿತು. ಡಾಕ್ಟರರ ಹತ್ತಿರ ಹೋಗುವ ಹಾಗಿರಲಿಲ್ಲ, ಹೋದರೆ ಇಬ್ಬರೂ ಡಾಕ್ಟರರು ಬರೆದು ಮೇಲಿನವರಿಗೆ ಕಳಿಸುತ್ತಾರೆ. ನಾಟಿ ಎಣ್ಣೆ ತಿಕ್ಕಿಸಿಕೊಂಡಳು. ಬೆರಳು ಸ್ವಲ್ಪ ಅಲುಗಾಡಿದವು, ಮೇಲೆ ಏಳಲಿಲ್ಲ. ನೋಡಿ, ಕೆಲಸ ಮಾಡುವ ಕೈಗೆ ಏನೂ ಆಗಿರಲಿಲ್ಲ. ಬುದ್ಧಿಗೆ ಆಗಿರಲಿಲ್ಲ, ನಾಲಗೆಗೆ ಆಗಿರಲಿಲ್ಲ. ನೂರಾ ಹನ್ನೆರಡು ದನಿಗಳನ್ನು ಬರೀ ಉಸಿರಿನಿಂದ ಗುರುತು ಹಿಡಿಯುವ ಹೆಂಗಸು ಅವಳು. ಇದ್ದೇನೆ ಎಂದು ತೋರಿಸುವ ಕೈಯೊಂದು ಕೆಟ್ಟಿದ್ದಕ್ಕೆ ಅವಳು ಇಲ್ಲವೆಂದೇ ಆಗಬೇಕಿತ್ತು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾಲ್ಕು ತಿಂಗಳು ನಾನು ಎರಡೂ ಕೆಲಸ ಮಾಡಿದೆ. ಎಡಗೈಯಲ್ಲಿ ಅವಳ ಪಿನ್ನುಗಳ ನಕಲು, ಬಲಗೈಯಲ್ಲಿ ಅವಳ ಜೀವದ ತಟ್ಟು. ಕದ್ದವರು ಒಂದು ಕದ್ದು ಸುಮ್ಮನಿರುವುದಿಲ್ಲ. ಅವಳ ಡಬ್ಬಿಯ ಮುಚ್ಚಳ ಒಂದೇ ಕೈಯಲ್ಲಿ ತೆಗೆಯಲು ಬರುತ್ತಿರಲಿಲ್ಲ. ನಾನು ತೆಗೆದುಕೊಟ್ಟೆ, ತೆಗೆದವಳು ಒಂದು ತುತ್ತು ಬಾಯಿಗೆ ಹಾಕಿಕೊಂಡೆ. ಬದನೆಕಾಯಿ ಎಣಗಾಯಿ. ಇಪ್ಪತ್ತಮೂರು ವರ್ಷ ಅದರ ವಾಸನೆ ಮಾತ್ರ ನೋಡಿದ್ದೆ.

"ಉಪ್ಪು ಕಮ್ಮಿ ಆಗ್ಯದ," ಎಂದೆ.

"ಇಷ್ಟು ವರ್ಷದ ಮ್ಯಾಲ ಉಂಡು ಹೆಸರು ಬ್ಯಾರೆ ಇಡ್ತಾಳ ನೋಡು," ಎಂದು ನೀಲಕ್ಕ ನಕ್ಕಳು. ಅವಳ ಬಾಯಿಯ ಎಡ ತುದಿಯೂ ಸ್ವಲ್ಪ ಜೋಲುತ್ತಿದೆ ಎಂದು ಆ ನಗುವಿನಲ್ಲಿ ನನಗೆ ಕಂಡಿತು. ನಾನು ಹೇಳಲಿಲ್ಲ.

ಅದೇ ಹೊತ್ತಿಗೆ ಅವಳ ಮಗಳು ಇಂದುಮತಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ನೀಲಕ್ಕನ ಗಂಡ ತೀರಿ ಹೋಗಿ ಬಹಳ ವರ್ಷಗಳಾಗಿದ್ದವು, ಇವಳೊಬ್ಬಳೇ ಮಗಳು. ಕೈ ಹೋದದ್ದನ್ನು ನೀಲಕ್ಕ ಮಗಳಿಗೂ ಹೇಳದೆ, ಉಳುಕಿದೆ ಎಂದು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಇಂದುಮತಿ ದಿನಕ್ಕೆ ಹತ್ತು ಸಲ ಮನೆಯಿಂದ ಫೋನು ಮಾಡುತ್ತಿದ್ದಳು. 'ಅವ್ವಾ, ಮೆಂತ್ಯ ಎಲ್ಲಿ ಇಟ್ಟಿ? ಅವ್ವಾ, ಕೂಸು ಒದೀಲಿಕ್ಕತ್ತದ.' ನೀಲಕ್ಕ ಆ ದೀಪವನ್ನು ಎಲ್ಲಕ್ಕಿಂತ ಮೊದಲು ಎತ್ತುತ್ತಿದ್ದಳು. ನಾನು ನನ್ನ ಸತ್ತ ಬೋರ್ಡಿನಲ್ಲಿ ಆ ತೂತಿಗೆ ಪಿನ್ನು ಹಾಕಿ, ಹೆಡ್‌ಫೋನಿನಲ್ಲಿ ಇಬ್ಬರ ಮಾತನ್ನೂ ಕೇಳುತ್ತಿದ್ದೆ. ಕೇಳುವುದೂ ನನ್ನ ನೌಕರಿಯೇ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನನಗೆ ಆಸೆಯಾಗಿತ್ತು. ನಾನು ಮದುವೆಯಾದವಳಲ್ಲ. ಎರಡನೆಯವರನ್ನು ಯಾರು ಮಾಡಿಕೊಳ್ಳುತ್ತಾರೆ? ನಾಳೆ ಎದ್ದು ಇನ್ನೊಬ್ಬರ ಮನೆಗೆ ಹೋಗುವವರು. ನನಗಿದ್ದದ್ದು ಒಂದು ಕೋಣೆ, ಒಂದು ಸ್ಟೋವು, ಹಿತ್ತಲ ಬಾಗಿಲಿನ ಬೀಗದ ಕೈ. ನಾನು ನನ್ನ ಪಾಡಿಗೆ ಸುಮ್ಮನೆ ಮೂರು ನಿಮಿಷ ಕೈ ಕಟ್ಟಿ ಕೂತಿದ್ದರೆ ಅಂದು ಸಂಜೆಯೇ ಇಂದುಮತಿ ನನಗೆ ಬಾಗಿಲು ತೆಗೆದು 'ಅವ್ವಾ, ಯಾಕಿಷ್ಟು ತಡ' ಅನ್ನುತ್ತಿದ್ದಳು. ಆ ಕೂಸು ನನ್ನ ತೊಡೆಯ ಮೇಲೆ ಎಣ್ಣೆ ಹಚ್ಚಿಸಿಕೊಳ್ಳುತ್ತಿತ್ತು. ಪೇಟೆಯ ಹೆಂಗಸರು ದಾರಿಯಲ್ಲಿ ನನ್ನನ್ನು ನೋಡಿ, "ಏನ್ರಿ ಎರಡನೇಯಾಕಿ, ನಿಮ್ಮ ಪಾಳಿ ಬಂತಂತಲ್ಲ? ನೀಲಮ್ಮನ ಬಾಯಿ ಸೊಟ್ಟ ಆಗ್ಯದಂತ," ಎಂದು ಕಣ್ಣು ಮಿಟುಕಿಸುತ್ತಿದ್ದರು. ಪುಣ್ಯವಂತಳು ಎಂಬ ಹಾಗೆ. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಆ ಆಸೆಯನ್ನು ಬಾಯಿ ತುಂಬ ಬೈಯುತ್ತಿದ್ದೆ.

ಮೇಲಿನ ಕಚೇರಿಯಿಂದ ಸಾಹೇಬನೊಬ್ಬ ಬಂದು ತಟ್ಟು ನೋಡುವ ತಪಾಸಣೆಯ ದಿನ ಗೊತ್ತಾದ ಮೇಲೆ ನೀಲಕ್ಕ ತಾನೇ ಮಾತು ತೆಗೆದಳು. ಮಧ್ಯಾಹ್ನದ ಹೊತ್ತು, ಬೋರ್ಡಿನಲ್ಲಿ ಒಂದೆರಡು ದೀಪಗಳಷ್ಟೇ ಇದ್ದವು.

"ದಾಕ್ಷಿ, ಸಾಕು ಮಾಡೋಣ. ಸಾಹೇಬ ಬಂದಾಗ ನೀ ತಟ್ಟಬ್ಯಾಡ. ನೀನ ತಗೋ."

"ಏನ್ ತಗೊಳ್ಳಿ?"

"ಎಲ್ಲಾ ತಗೋ. ಮನಿ, ಇಂದು, ಕೂಸು. ನಿನಗಿಂತ ಚಲೋ ನೋಡ್ಕೊಳ್ಳಾಕಿ ಯಾರದಾಳ? ಇಂದೂಗ ಒಂದ್ ಗಳಿಗಿ ಸುದ್ದಾ ಅವ್ವ ಇಲ್ಲದಾಂಗ ಆಗಂಗಿಲ್ಲ. ಅಷ್ಟ ಸಾಕು ನನಗ."

ಅವಳು ಇದನ್ನು ಅಳದೆ ಹೇಳಿದಳು. ನಮ್ಮ ಊರಿನಲ್ಲಿ ಎಲ್ಲರೂ ಹೀಗೆಯೇ ಹೇಳುತ್ತಾರೆ, ಹೀಗೆ ಹೇಳುವುದನ್ನು ಶಾಲೆಯಲ್ಲೇ ಕಲಿಸುತ್ತಾರೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಆಕಿಗೆ ಅವ್ವ ಇರ್ತಾಳ, ಖರೆ. ನಿನಗ ಮಗಳು ಇರ್ತಾಳೇನ?" ಎಂದೆ. "ಕೆರಿ ಆಚೀ ಕಡೆ ಕುಂತು ಮೊಮ್ಮಗನ್ನ ನೋಡಿ ಕೈ ಬೀಸ್ತಿಯೇನ? ಆ ಕೂಸು ನಿನ್ನ ನೋಡಿ ಬಾಯಿ ತೆಗೀತದ, ಮಾತು ಬರಂಗಿಲ್ಲ. ಅದು ಹೆಂಗಿರ್ತದ ಅಂತ ನನ್ನ ಕೇಳು."

ನೀಲಕ್ಕ ತಲೆ ತಗ್ಗಿಸಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಹಂಗಂದ್ರ ಏನ್ ಮಾಡ್ಲಿ ದಾಕ್ಷಿ? ಕೈ ಏಳವಲ್ದು," ಎಂದಳು. ಆಗ ಅತ್ತಳು. ನಾನು ತಗಡು ತಟ್ಟಿದೆ.

ತಪಾಸಣೆಯ ಸಾಹೇಬನ ಹೆಸರು ಕರವೀರಪ್ಪ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆಗಳು. ಅವನು ಒಂದು ಬಸ್ಸಿನಲ್ಲಿ ಬಂದ, ಅವನ ಎರಡನೆಯವನು ಇನ್ನೊಂದು ಬಸ್ಸಿನಲ್ಲಿ ಬಂದು ಬಾಗಿಲ ಹೊರಗೆ ಅಂಥದೇ ರಟ್ಟು ಹಿಡಿದು ನಿಂತ. ಕರವೀರಪ್ಪ ಕೆಟ್ಟವನೇನೂ ಅಲ್ಲ. ಬಂದವನೇ ನೀಲಕ್ಕನಿಗೆ ನಮಸ್ಕಾರ ಮಾಡಿ, ಬಾಯಿಯ ಓರೆಯನ್ನು ನೋಡಿ, ನೋಡದವನ ಹಾಗೆ ಕಣ್ಣು ತಿರುಗಿಸಿದ. ಸ್ವಲ್ಪ ಹೊತ್ತು ಹಿಂದೆ ನಿಂತು ತಟ್ಟು ಕೇಳಿದ. ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಬಂದು ನಮ್ಮಿಬ್ಬರ ನಡುವೆ, ತಗಡಿಗೆ ಮೊಣಕಾಲು ತಾಗುವ ಹಾಗೆ ಕೂತುಬಿಟ್ಟ.

ಹನ್ನೊಂದು ಗಂಟೆ. ಪೇಟೆಯ ಅಂಗಡಿಗಳೆಲ್ಲ ಫೋನೆತ್ತುವ ಹೊತ್ತು. ನೀಲಕ್ಕ ಬಲಗೈಯಿಂದ ಪಿನ್ನು ಚುಚ್ಚಿ, ಆ ಕೈಯನ್ನೇ ಸಾಹೇಬನ ಮುಂದಿನಿಂದ ಚಾಚಿ ತಟ್ಟಿದಳು. ಇನ್ನೊಂದು ಸಲ ಹಾಗೆಯೇ ತಟ್ಟಿದಳು. ಅಷ್ಟರಲ್ಲಿ ಒಂದೇ ಸಲಕ್ಕೆ ಹದಿನಾಲ್ಕು ದೀಪ ಹತ್ತಿದವು. ಅವಳು ಕೆಲಸಗಾತಿ, ದೀಪ ಹತ್ತಿದರೆ ಬಿಟ್ಟು ಕೂರುವವಳಲ್ಲ. ತಟ್ಟನ್ನು ಬಿಟ್ಟು ದೀಪಗಳ ಹಿಂದೆ ಹೋದಳು. ಒಂದು ನಿಮಿಷ ತಪ್ಪಿತು. ನಾನು ಕೈ ಚಾಚಿದರೆ ಕರವೀರಪ್ಪ ತನ್ನ ರಟ್ಟನ್ನು ತಗಡಿನ ಮೇಲೆ ಅಡ್ಡ ಹಿಡಿದ. ಎರಡು ತಪ್ಪಿತು. "ನೀಲಕ್ಕಾ, ತಟ್ಟು!" ಎಂದು ಕೂಗಿದೆ. ಅವಳು ಎಡಗೈಯನ್ನು ಬಲಗೈಯಿಂದ ಎತ್ತಿ ತಗಡಿನ ಮೇಲೆ ಹಾಕಲು ಹೋದಳು, ಅದು ಜಾರಿ ಬಿತ್ತು. ಮೂರು ತಪ್ಪಿತು. ನನ್ನ ತಲೆಯ ಮೇಲೆ ಕೆಂಪು ದೀಪ ಹತ್ತಿತು.

ನೀಲಕ್ಕನ ಬೋರ್ಡು ಕಪ್ಪಾಯಿತು. ನನ್ನ ಸತ್ತ ಬೋರ್ಡಿನಲ್ಲಿ, ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ, ಆ ಎಲ್ಲ ದೀಪಗಳೂ ಹತ್ತಿ ನಿಂತವು. ಹೇಳುತ್ತೇನೆ, ಚೆಂದ ಕಂಡಿತು. ಬೆಚ್ಚಗಿನ ಬೆಳಕು ಕೆನ್ನೆಗೆ ಬಿತ್ತು.

"ಹಚ್ಚು," ಎಂದ ಕರವೀರಪ್ಪ. "ಹೆಸರು ಹೇಳಿ ಹಚ್ಚು."

ನಾನು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ.

"ಏ ಎರಡನೇಯಾಕಿ, ಕೇಳಿಸ್ಲಿಲ್ಲೇನ? ದೀಪ ಹತ್ಯಾವು!"

"ಕಾಣ್ತಾವ್ರಿ," ಎಂದೆ.

"ಮತ್ತ?"

"ಒಲ್ಲೆ."

ಅವನಿಗೆ ಅರ್ಥವಾಗಲಿಲ್ಲ. ನನ್ನ ಕಣ್ಣುಗಳನ್ನು ನೋಡಿದ, ಹಣೆ ಮುಟ್ಟಿ ನೋಡಿದ, ಜ್ವರವಿಲ್ಲ. ಆಮೇಲೆ ಸುತ್ತ ತಿರುಗಿ ಯಾರನ್ನೋ ಹುಡುಕಿದ. ಯಾರನ್ನು ಹುಡುಕಿದ ಎಂದು ನನಗೆ ಗೊತ್ತಾಗಿ ನಗು ಬಂತು. ನನಗೆ ಎರಡನೆಯವಳು ಇರಲಿಲ್ಲ. ಮನುಷ್ಯರು ಬೀಳುತ್ತಾರೆ, ಕೈ ಸೋಲುತ್ತದೆ, ಜೀವ ಹೋಗುತ್ತದೆ ಎಂದು ನಮ್ಮ ಹಿರಿಯರು ಮೊದಲೇ ಯೋಚಿಸಿ ಎಲ್ಲಕ್ಕೂ ಏರ್ಪಾಡು ಮಾಡಿದ್ದರು. ಗಟ್ಟಿಮುಟ್ಟಾಗಿ ಕೂತಿರುವ ಒಬ್ಬ ಹೆಂಗಸು ಒಲ್ಲೆ ಅನ್ನಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ದೀಪಗಳು ಹೆಚ್ಚಾಗುತ್ತಾ ಹೋದವು. ಊರಿನ ಫೋನು ನಿಂತು ಐದು ನಿಮಿಷವಾಯಿತು, ಹತ್ತಾಯಿತು. ಕರವೀರಪ್ಪ ಬೈದ, ಹೆದರಿಸಿದ, ಕೊನೆಗೆ ಕೈ ಮುಗಿದ. ತಾನೇ ಒಂದು ಪಿನ್ನು ಹಿಡಿದು ನೋಡಿದ, ಯಾವ ತೂತಿಗೆ ಹಾಕಬೇಕೆಂದು ತಿಳಿಯಲಿಲ್ಲ. ನೀಲಕ್ಕ ಕಣ್ಣು ಮುಚ್ಚಿಕೊಂಡು, "ದಾಕ್ಷಿ, ಹಚ್ಚವ್ವಾ, ಊರು ನಿಂತದ, ನನ್ನ ಸಲುವಾಗಿ ಊರು ನಿಲ್ಲಸಬ್ಯಾಡ," ಅನ್ನುತ್ತಿದ್ದಳು. ಅಷ್ಟರಲ್ಲಿ ಆಸ್ಪತ್ರೆಯ ದೀಪ ಹತ್ತಿತು.

ಅದನ್ನು ಬಿಟ್ಟು ಕೂರುವಷ್ಟು ಕಲ್ಲು ನಾನಲ್ಲ. ಪಿನ್ನು ತೆಗೆದು ಚುಚ್ಚಿದೆ. ಕರವೀರಪ್ಪ ಉಸಿರು ಬಿಟ್ಟು ಕುರ್ಚಿಗೆ ಒರಗಿದ. ನೀಲಕ್ಕ ತನ್ನ ಹೆಸರಿಗೆ ಕೊನೆಯ ಸಲ ಕಿವಿಗೊಡುವವಳ ಹಾಗೆ ನನ್ನ ಕಡೆ ತಿರುಗಿದಳು.

"ದಾಕ್ಷಾಯಣಿ ಮಾತಾಡ್ತೀನಿ," ಎಂದೆ. "ನಂಬರ್ ಹೇಳ್ರಿ."

ಆ ಕಡೆ ಕಂಪೌಂಡರನ ದನಿ ತಡವರಿಸಿತು. "ಯಾರು? ನೀಲಕ್ಕ ಅಲ್ಲೇನ್ರಿ?"

"ನೀಲಕ್ಕ ನನ್ನ ಬಾಜೂಕ ಕುಂತಾಳ. ನಾ ದಾಕ್ಷಾಯಣಿ. ಲಗೂನ ನಂಬರ್ ಹೇಳ್ರಿ, ಯಾರಿಗೆ ಏನಾಗ್ಯದ?"

ಅವನಿಗೆ ಔಷಧದ ಅಂಗಡಿ ಬೇಕಿತ್ತು. ಕೂಡಿಸಿದೆ. ನನ್ನ ಕೈಯಿಂದ ಕೂಡಿದ ಮೊದಲ ಮಾತು ಅದು. ಅದಾದ ಮೇಲೆ ಮತ್ತೆ ಕೈಗಳನ್ನು ತೊಡೆಯ ಮೇಲೆ ಇಟ್ಟೆ. ಹೆಸರು ದಾಟಿತೋ ಇಲ್ಲವೋ ನನಗೂ ತಿಳಿಯಲಿಲ್ಲ. ಎರಡನೆಯವಳು ಪಿನ್ನು ಹಿಡಿದು ಸ್ವಂತ ಹೆಸರು ಹೇಳಿದರೆ ಏನಾಗುತ್ತದೆ ಎಂದು ಯಾವ ಕಟ್ಟಳೆಯಲ್ಲೂ ಬರೆದಿರಲಿಲ್ಲ. ಕರವೀರಪ್ಪ ನೀಲಕ್ಕನನ್ನು ಕರೆಯಲು ಬಾಯಿ ತೆರೆದು, ಕರೆಯಲು ಹೆದರಿ ಮುಚ್ಚಿಕೊಂಡ.

ಹೊರಗೆ ಜನ ಸೇರತೊಡಗಿದ್ದರು. ಫೋನಿಲ್ಲದ ಮೇಲೆ ನಡೆದುಕೊಂಡು ಬಂದಿದ್ದರು. ಕಿರಾಣಿ ಅಂಗಡಿಯ ಇಬ್ಬರು, ಶಾಲೆಯ ಹೆಡ್‌ಮಾಸ್ತರರು ಇಬ್ಬರು, ಎದುರುಬದುರು ಮನೆಯಲ್ಲಿದ್ದೂ ಫೋನಿನಲ್ಲೇ ಜಗಳಾಡುವ ಅತ್ತಿಗೆ ನಾದಿನಿಯರು. ಊರು ನಿಂತಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಹೆದರಬೇಕೋ ಬೈಯಬೇಕೋ ತಿಳಿಯದೆ ಕಿಟಕಿಗೆ ಮುಖ ಹಚ್ಚಿ ನಿಂತಿದ್ದರು. "ಎರಡನೇಯಾಕಿಗೆ ಏನೋ ಬಡದದ," ಎಂದು ಯಾರೋ ಅಂದರು. "ಏನೂ ಬಡದಿಲ್ಲ, ಆರಾಮ ಅದೀನಿ," ಎಂದು ನಾನು ಕೂತಲ್ಲಿಂದಲೇ ಕೂಗಿದೆ. ಆ ಗುಂಪನ್ನು ಸರಿಸಿಕೊಂಡು, ಒಂದು ಕೈ ಸೊಂಟಕ್ಕೆ ಕೊಟ್ಟು, ಇಂದುಮತಿ ಬಂದಳು.

ಬಿಸಿಲಲ್ಲಿ ಅರ್ಧ ಊರು ನಡೆದು ಬಂದ ತುಂಬು ಬಸುರಿ. ಮುಖವೆಲ್ಲ ಕೆಂಪಾಗಿ ಬೆವರು ಇಳಿಯುತ್ತಿತ್ತು. ಮುಂಬಾಗಿಲ ಚೌಕಟ್ಟು ಹಿಡಿದು ನಿಂತು ನಮ್ಮಿಬ್ಬರನ್ನೂ ನೋಡಿದಳು. ಎಡಗಡೆಯ ಕುರ್ಚಿಯಲ್ಲಿ ಕೆಂಪು ದೀಪದ ಕೆಳಗೆ ನಾನು, ಬಲಗಡೆ ಕಪ್ಪಾದ ಬೋರ್ಡಿನ ಮುಂದೆ ಅವಳವ್ವ. ಅವಳ ಕಣ್ಣು ಮೊದಲು ನನ್ನ ಮೇಲೆ ನಿಂತಿತು, ಬಾಯಿ ಸ್ವಲ್ಪ ತೆರೆಯಿತು. ನಾನು ಜೀವಮಾನದಲ್ಲಿ ಏನನ್ನಾದರೂ ಬೇಡಿಕೊಂಡಿದ್ದರೆ ಆಗ ಬೇಡಿಕೊಂಡೆ. ನನ್ನನ್ನು ಕರೆಯಬೇಡ ಮಗಳೇ ಎಂದು. ಕರೆಯಲಿ ಎಂದೂ ಒಳಗೆ ಒಂದು ದನಿ ಬಂತು, ಸುಳ್ಳು ಹೇಳುವುದಿಲ್ಲ.

ಇಂದುಮತಿ ನನ್ನಿಂದ ಕಣ್ಣು ಕಿತ್ತು ಆ ಕಡೆ ತಿರುಗಿದಳು.

"ಅವ್ವಾ," ಎಂದಳು ನೀಲಕ್ಕನಿಗೆ. "ಎಷ್ಟೊತ್ತಿನಿಂದ ಫೋನ್ ಮಾಡ್ತೀನಿ, ಯಾಕ ಎತ್ತವಲ್ಲಿ? ಜೀವ ಹಾರಿಹೋಗಿತ್ತು ನನಗ."

ಮಗಳು ಬಂದು ಅವಳ ಎಡಗೈ ಹಿಡಿದಳು, ಅದು ಕೈಯಲ್ಲೇ ಜೋತುಬಿತ್ತು. "ಏನಾಗ್ಯದ ಅವ್ವಾ ಇದಕ್ಕ?"

"ಕೈ ಹೋಗ್ಯದವ್ವಾ, ನಾಕು ತಿಂಗಳಾತು," ಎಂದಳು ನೀಲಕ್ಕ, ಎಲ್ಲರಿಗೂ ಕೇಳುವ ಹಾಗೆ. "ಒಂದ ಕೈ ಹೋಗ್ಯದ. ನಾ ಅದೀನಿ."

ನನ್ನ ಬೋರ್ಡಿನ ಕೆಳಗೆ ಕಬ್ಬಿಣದ ಒಂದು ಹಿಡಿಕೆ ಇದೆ. ಬೋರ್ಡು ರಿಪೇರಿ ಮಾಡುವವರು ಕರೆಂಟನ್ನು ಹಿಂದಕ್ಕೆ ಕೊಟ್ಟು ನೋಡಲು ಇಟ್ಟದ್ದು. ಮೊದಲನೆಯವರಿಗೆ ಯಾರೂ ಯಾವತ್ತೂ ಏನನ್ನೂ ಹಿಂದಕ್ಕೆ ಕೊಡದ ಊರಿನಲ್ಲಿ ಅದಕ್ಕೆ ತುಕ್ಕು ಹಿಡಿದಿತ್ತು. ನಾನು ಕಾಲು ಕೊಟ್ಟು ಎಳೆದೆ. ಕಿರುಗುಟ್ಟಿತು, ಬರಲಿಲ್ಲ. ಇನ್ನೊಮ್ಮೆ ಎಳೆದೆ. ನನ್ನ ದೀಪಗಳೆಲ್ಲ ಆರಿ ನೀಲಕ್ಕನ ಮುಂದೆ ಹತ್ತಿದವು. ಅವಳು ಮಗಳ ಕೈ ಬಿಟ್ಟು ಪಿನ್ನು ಹಿಡಿದಳು. "ನೀಲಾಂಬಿಕಾ ಮಾತಾಡ್ತೀನಿ, ನಂಬರ್ ಹೇಳ್ರಿ. ತಡ ಆತ್ರಿ, ಹೌದು, ತಡ ಆತು." ನಾನು ಕರವೀರಪ್ಪನ ಮೊಣಕಾಲಿನ ಮೇಲಿಂದ ಕೈ ಚಾಚಿ, ಅವನ ರಟ್ಟನ್ನು ಸರಿಸಿ, ಇಡೀ ಊರು ನೋಡುತ್ತಿದ್ದ ಹಾಗೆ ತಗಡು ತಟ್ಟಿದೆ.

ಜನ ಅಲ್ಲೇ ನಿಂತಿದ್ದರು. ಯಾರ ಮನೆಯೂ ಬಿದ್ದಿರಲಿಲ್ಲ, ಊರು ಇಪ್ಪತ್ತು ನಿಮಿಷ ನಿಂತು ಮತ್ತೆ ನಡೆದಿತ್ತು. ಗುಂಪಿನಲ್ಲಿದ್ದ ಎರಡನೆಯವರೆಲ್ಲ, ಎರಡನೆಯ ದರ್ಜಿ, ಎರಡನೆಯ ಹೆಡ್‌ಮಾಸ್ತರು, ಬಾಗಿಲಲ್ಲಿದ್ದ ಸಾಹೇಬನ ಎರಡನೆಯವನು ಕೂಡ, ನನ್ನನ್ನೇ ನೋಡುತ್ತಿದ್ದರು. ನಾನು ಮತ್ತೆ ತಟ್ಟಿದೆ.

ಕರವೀರಪ್ಪ ಕರವಸ್ತ್ರದಿಂದ ಮುಖ ಒರೆಸಿಕೊಂಡ. ರಟ್ಟಿಗೆ ಸಿಕ್ಕಿಸಿದ ಹಾಳೆಯನ್ನು ನನಗೆ ಕಾಣುವ ಹಾಗೆ ಹಿಡಿದ. ಅದರಲ್ಲಿ ಕೆಲಸ ನಿಂತ ಕಾರಣ ಬರೆಯಲು ಗೆರೆ ಎಳೆದು ಮನೆ ಮಾಡಿದ್ದರು. ಜ್ವರ, ಮೂರ್ಛೆ, ಬುದ್ಧಿಭ್ರಮೆ, ಮರಣ. ಅವನು ದನಿ ತಗ್ಗಿಸಿ ಮಾತಾಡಿದ, ಈಗ ಅದರಲ್ಲಿ ಗದರಿಕೆಯಿರಲಿಲ್ಲ.

"ಯವ್ವಾ, ಮೂರ್ಛೆ ಬಂದಿತ್ತು ಅಂತ ಬರೀತೀನಿ. ನಿನಗೂ ಚಲೋ, ಆಕಿಗೂ ಚಲೋ. ಎರಡು ದಿನ ಮನ್ಯಾಗಿದ್ದು ಬಾ. ಇಲ್ಲಾಂದ್ರ ನಿನ್ನ ಈ ಕುರ್ಚಿ ಹೋಗ್ತದ, ನನ್ನ ಕೈಯಾಗಿಲ್ಲ."

"ಮೂರ್ಛೆ ಬಂದಿದ್ದಿಲ್ರಿ. ಎಚ್ಚರ ಇತ್ತು. ಹಂಗ ಬರೀಬ್ಯಾಡ್ರಿ."

"ಮತ್ತೇನ್ ಬರೀಲಿ?"

"ದಾಕ್ಷಾಯಣಿ ಒಲ್ಲೆ ಅಂದ್ಲು ಅಂತ ಬರೀರಿ."

ಅವನು ಹಾಳೆಯ ಮೇಲಿಂದ ಕೆಳಗೆ ಬೆರಳಾಡಿಸಿದ. "ಅದಕ್ಕ ಇದರಾಗ ಮನಿ ಇಲ್ಲವ್ವಾ."

ನೀಲಕ್ಕ ಯಾರಿಗೋ ಯಾರನ್ನೋ ಕೂಡಿಸುತ್ತಿದ್ದಳು. ನಾನು ಒಂದು ತಟ್ಟು ತಟ್ಟಿ, ಕರವೀರಪ್ಪನ ರಟ್ಟಿನಿಂದ ಆ ಹಾಳೆಯನ್ನು ಬಿಚ್ಚಿ, ಬರೆಯದ ಬಿಳಿ ಮೈ ಮೇಲಾಗುವ ಹಾಗೆ ಅವನ ಮುಂದೆ ಇಟ್ಟೆ.

"ಈ ಕಡೆ ಬರೀರಿ," ಎಂದೆ.